ತಾತ ಹುಟ್ಟಿದ್ದು ಯಾವ ಊರಲ್ಲಿ?

ಬೆಂಗಳೂರಿನ ಅಶೋಕ ಪಿಲ್ಲರ್‌ನಿಂದ ಸಿದ್ದಾಪುರದ ಕಡೆ ಹೋಗುವ ಯಾವ ಬೀದಿ ಹಿಡಿದರೂ ಒಂದು ಜೆರಾಕ್ಸ್ ಅಂಗಡಿ ಸಿಗುತ್ತದೆ. ಭಾನುವಾರವೂ ಅಲ್ಲಿ ನಾಲ್ಕಾರು ಜನ. ಒಬ್ಬರ ಕೈಯಲ್ಲಿ ಪಾಸ್‌ಪೋರ್ಟ್ ಅರ್ಜಿ, ಇನ್ನೊಬ್ಬರದ್ದು ಜಾತಿ ಪ್ರಮಾಣಪತ್ರ, ಮತ್ತೊಬ್ಬರಿಗೆ ಅಮೆರಿಕದಲ್ಲಿರುವ ಮಗಳ ಒಸಿಐ (ಸಾಗರೋತ್ತರ ಭಾರತೀಯ ಪೌರತ್ವ) ಕಾರ್ಡಿಗೆ ಹಳೇ ದಾಖಲೆ ಸ್ಕ್ಯಾನ್ ಆಗಬೇಕು. ಕಂಪ್ಯೂಟರ್ ಮುಂದಿನ ಹುಡುಗ ತಲೆ ಎತ್ತದೆ ಕೇಳುತ್ತಾನೆ: ‘ತಂದೆ ಹುಟ್ಟಿದ ಊರು?’ ಅಲ್ಲಿಯವರೆಗೆ ಪಟಪಟ ಉತ್ತರ ಹೇಳುತ್ತಿದ್ದವರು ಗಕ್ಕನೆ ನಿಲ್ಲುತ್ತಾರೆ. ಊರಲ್ಲಿರುವ ದೊಡ್ಡಪ್ಪನಿಗೋ ಸೋದರತ್ತೆಗೋ ಫೋನು. ‘ಅಪ್ಪ ಹುಟ್ಟಿದ್ದು ಮಾಗಡೀಲೋ, ಅಜ್ಜಿ ತವರಲ್ಲೋ?’ ಆ ಕಡೆ ಚರ್ಚೆ ಶುರುವಾಗುತ್ತದೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಿದ್ದು, ಆದರೆ ನಿಮ್ಮಪ್ಪ ಎರಡನೆಯವನು, ಆ ವರ್ಷ ಮಳೆ ಹಿಡಿದು ಗಾಡಿ ಹೋಗಲಿಲ್ಲ... ಹುಡುಗ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಾನೆ.

‘ನಿಮ್ಮ ಕಡೆಯವರು ಯಾವ ಊರಿನವರು?’ ಎಂದು ನಮ್ಮಲ್ಲಿ ಕೇಳದವರಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ ಅದೇ ಮೊದಲ ಪ್ರಶ್ನೆ. ಉತ್ತರವೂ ಬಾಯಲ್ಲೇ ಇರುತ್ತದೆ. ಅದೇ ಪ್ರಶ್ನೆಯನ್ನು ಸರ್ಕಾರ ಕೇಳಿದರೆ ಬಾಯಿ ಮಾತು ಸಾಲದು, ಕಾಗದ ಬೇಕು. ಮನೆಯ ನೆನಪಿಗೂ ಕಚೇರಿಯ ಕಾಗದಕ್ಕೂ ನಡುವೆ ಇರುವ ಕಂದಕ ಈಚಿನ ವರ್ಷಗಳಲ್ಲಿ ಅಗಲವಾಗುತ್ತಾ ಬಂದಿದೆ. ಅದು ಹೇಗಾಯಿತು, ಯಾರು ಅದರಲ್ಲಿ ಬೀಳುತ್ತಾರೆ ಎಂದು ನೋಡಲು ಸಿದ್ದಾಪುರಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ತೋಟಗಾರರ ಊರು

ಸಿದ್ದಾಪುರ ಜಯನಗರಕ್ಕಿಂತ ಹಳೆಯದು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಬಂದು ಅಶೋಕ ಸ್ತಂಭವನ್ನು ಅನಾವರಣ ಮಾಡಿದಾಗ ಜಯನಗರ ಇನ್ನೂ ನಕಾಶೆಯ ಮೇಲಿತ್ತು. ಸಿದ್ದಾಪುರ ಮಾತ್ರ ಲಾಲ್‌ಬಾಗಿನ ಮಗ್ಗುಲಲ್ಲಿ ತೋಟ, ಬಾವಿ, ಹೂವಿನ ಮಡಿಗಳ ನಡುವೆ ತನ್ನ ಪಾಡಿಗೆ ತಾನಿತ್ತು. ಇಲ್ಲಿ ಉಳಿದಿರುವ ನರ್ಸರಿಗಳು ಆ ಕಾಲದ ಕುರುಹು.

ಈ ಭಾಗದ ತೋಟಗಾರಿಕೆ ಎಂದರೆ ತಿಗಳರ ಕಸುಬು. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಹಾಕಿಸಿದಾಗ ಮಣ್ಣಿಗಿಳಿದು ದುಡಿದವರು ಇವರೇ ಎಂಬುದು ಊರು ಒಪ್ಪಿದ ಮಾತು. ಅವರು ಎಲ್ಲಿಂದ ಬಂದರು? ತಮಿಳು ಸೀಮೆಯಿಂದ. ಹಿರಿಯರ ಮನೆಮಾತಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಲೆತಿವೆ. ಅವರು ಆರಾಧಿಸುವ ದ್ರೌಪದಿಯ ಪೂಜಾ ಪರಂಪರೆ ತಮಿಳುನಾಡಿನ ಜಿಂಜಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಆದರೆ ತಿಗಳರ ಮನೆಯಲ್ಲಿ ‘ನಿಮ್ಮ ಮೂಲ ಯಾವುದು?’ ಎಂದು ಕೇಳಿದರೆ ತಾಲ್ಲೂಕು, ಜಿಲ್ಲೆಯ ಹೆಸರು ಬರುವುದಿಲ್ಲ. ತಿಮಿರಾಸುರನನ್ನು ಕೊಲ್ಲಲು ದ್ರೌಪದಿ ಸೃಷ್ಟಿಸಿದ ವೀರಕುಮಾರರ ವಂಶ ನಮ್ಮದು ಎನ್ನುತ್ತಾರೆ. ಆಕೆ ಹೊರಟು ನಿಂತಾಗ ಮಕ್ಕಳು ಕಾಲು ಹಿಡಿದರು, ವರ್ಷಕ್ಕೊಮ್ಮೆ ಬರುತ್ತೇನೆಂದು ತಾಯಿ ಮಾತು ಕೊಟ್ಟಳು. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುವುದು, ಮಸ್ತಾನ್ ಸಾಹೇಬರ ದರ್ಗಾ ಹೊಕ್ಕು ಬರುವುದು, ಇಡೀ ಪೇಟೆ ನಿದ್ದೆಗೆಟ್ಟು ಕಾಯುವುದು ಆ ಮಾತಿನ ಲೆಕ್ಕದಲ್ಲೇ.

ವಲಸೆ ಬಂದವರು ಊರಿನ ಅತಿದೊಡ್ಡ ಹಬ್ಬದ ಯಜಮಾನರಾದದ್ದು ಸಣ್ಣ ಸಂಗತಿಯಲ್ಲ. ಬೆಂಗಳೂರಿನ ಅಸಲಿ ಗುರುತು ಯಾವುದೆಂದು ಕೇಳಿದರೆ ಕನ್ನಡಿಗರೆಲ್ಲ ಕರಗವನ್ನೇ ತೋರಿಸುತ್ತಾರೆ. ಅದರ ಹಿಂದೆ ಗಡಿ ದಾಟಿದ ಕಥೆಯಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ.

ಇನಿಷಿಯಲ್ಲಿನಲ್ಲಿ ಅಡಗಿದ ಹಳ್ಳಿ

ದಕ್ಷಿಣ ಬೆಂಗಳೂರಿನ ಉಳಿದವರ ಕಥೆಯೂ ಹೆಚ್ಚು ಬೇರೆಯಲ್ಲ. ಬನಶಂಕರಿ, ಜಯನಗರಗಳಲ್ಲಿ ಸಂಕೇತಿಗಳ ಮನೆಗಳು ಬೇಕಾದಷ್ಟಿವೆ. ಅವರ ಪೂರ್ವಿಕರು ಇಂದಿನ ತಮಿಳುನಾಡು, ಕೇರಳ ಕೂಡುವ ಸೆಂಗೋಟ್ಟೈ ಕಡೆಯಿಂದ ನಾಚಾರಮ್ಮ ಎಂಬ ಹೆಣ್ಣುಮಗಳ ಹಿಂದೆ ಊರು ಬಿಟ್ಟು ಬಂದವರು. ಆಕೆಗಾದ ಅವಮಾನವೇ ಕಾರಣ ಎನ್ನುತ್ತದೆ ಮನೆಮನೆಯ ಕಥೆ. ಹಾಸನ ಬಳಿಯ ಕೌಶಿಕ, ಪಿರಿಯಾಪಟ್ಟಣದ ಬೆಟ್ಟದಪುರಗಳಲ್ಲಿ ನೆಲೆ ನಿಂತರು. ತಮಿಳು, ಮಲಯಾಳ, ಕನ್ನಡ ಬೆರೆತ ಅವರ ಮಾತು ಶತಮಾನಗಳ ನಂತರವೂ ಅಡುಗೆ ಮನೆಯಲ್ಲಿ ಬದುಕಿದೆ.

ಸರ್ ಎಂ. ವಿಶ್ವೇಶ್ವರಯ್ಯನವರನ್ನು ತೆಗೆದುಕೊಳ್ಳಿ. ಹುಟ್ಟಿದ್ದು ಚಿಕ್ಕಬಳ್ಳಾಪುರ ಸೀಮೆಯ ಮುದ್ದೇನಹಳ್ಳಿಯಲ್ಲಿ. ಹೆಸರಿನ ಮುಂದಿನ ‘ಮೋಕ್ಷಗುಂಡಂ’ ಆಂಧ್ರದ ಒಂದು ಹಳ್ಳಿ. ವಂಶದವರು ಅಲ್ಲಿಂದ ಹೊರಟು ಮೈಸೂರು ಸೀಮೆಗೆ ಬಂದು ತಲೆಮಾರುಗಳೇ ಕಳೆದರೂ ಹೆಸರು ಊರನ್ನು ಬಿಡಲಿಲ್ಲ. ಆ ಕಾಲದಲ್ಲಿ ಮೈಸೂರಿನವರು, ಮದರಾಸಿನವರು ಎಂಬ ಜಗಳ ಜೋರಾಗಿತ್ತು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಮೊದಲಾದ ದಿವಾನರು ಮದರಾಸಿನಿಂದ ಬಂದವರು, ದೊಡ್ಡ ಹುದ್ದೆಗಳೆಲ್ಲ ಅವರ ಕಡೆಯವರಿಗೇ ಹೋಗುತ್ತವೆ ಎಂಬುದು ಸ್ಥಳೀಯರ ದೂರು. 1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದಾಗ ಅವರನ್ನು ಮೈಸೂರಿನವರೆಂದೇ ಎಲ್ಲರೂ ಎಣಿಸಿದರು. ‘ಮೋಕ್ಷಗುಂಡಂ ಎಲ್ಲಿದೆ ಸ್ವಾಮಿ?’ ಎಂದು ಯಾರೂ ಕೇಳಲಿಲ್ಲ.

ಹಳೇ ಮೈಸೂರಿನ ಹೆಸರುಗಳಲ್ಲಿ ಇನಿಷಿಯಲ್ ಎಂದರೆ ಮೊದಲು ಊರು, ಆಮೇಲೆ ಅಪ್ಪ. ಎರಡು ಅಕ್ಷರದಲ್ಲಿ ವಿಳಾಸವೂ ವಂಶವೂ ಮುಗಿಯುತ್ತಿತ್ತು. ಪಾಸ್‌ಪೋರ್ಟ್ ಕಚೇರಿ ಇದಕ್ಕೆ ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಎನ್ನುತ್ತದೆ. ಹೀಗಾಗಿ ತಾತ ಒಂದು ಹೊತ್ತಿನ ಊಟಕ್ಕೆ ಗತಿಯಿಲ್ಲದೆ ಬಿಟ್ಟು ಬಂದ ಹಳ್ಳಿ ಮೊಮ್ಮಗನ ಸರ್‌ನೇಮ್ ಆಗಿ ಅಮೆರಿಕ ತಲುಪಿದೆ. ಟೆಕ್ಸಾಸಿನ ಶಾಲೆಯಲ್ಲಿ ಮೇಷ್ಟರು ‘ಹೊಸಹಳ್ಳಿ’ ಎಂದು ಹಾಜರಿ ಕೂಗಿದರೆ ಆ ಊರನ್ನೇ ನೋಡದ ಹುಡುಗ ಎದ್ದು ನಿಲ್ಲುತ್ತಾನೆ.

ಇನಿಷಿಯಲ್ಲೂ ಇಲ್ಲದವರಿಗೆ ಮನೆದೇವರಿದೆ. ಸಿದ್ದಾಪುರದ ವಠಾರಗಳಲ್ಲಿ ಕೇಳಿ ನೋಡಿ. ಒಬ್ಬರ ಮನೆದೇವರು ಮಲೆ ಮಹದೇಶ್ವರ, ಇನ್ನೊಬ್ಬರದು ಘಾಟಿ ಸುಬ್ರಹ್ಮಣ್ಯ, ಮತ್ತೊಬ್ಬರದು ಸವದತ್ತಿ ಎಲ್ಲಮ್ಮ. ಊರಿನ ಹೆಸರು ಮರೆತವರೂ ಮಗುವಿನ ಮೊದಲ ಮುಡಿ ಕೊಡಲು ಎಲ್ಲಿಗೆ ಹೋಗಬೇಕೆಂಬುದನ್ನು ಮರೆಯುವುದಿಲ್ಲ. ಆ ದಾರಿಯಲ್ಲಿ ಹಿಂದಕ್ಕೆ ನಡೆದರೆ ವಂಶ ಹೊರಟ ಜಾಗ ಹೆಚ್ಚುಕಡಿಮೆ ಸಿಕ್ಕೀತು.

ಮುತ್ತಾತ ಭಾರತೀಯನಾಗಿರಲಿಲ್ಲ

ಹೀಗೆಂದರೆ ಕೆಲವರಿಗೆ ಸಿಟ್ಟು ಬರಬಹುದು. ಆದರೆ ಕಾನೂನಿನ ಲೆಕ್ಕದಲ್ಲಿ ಅದು ನಿಜ. ಸಿದ್ದಾಪುರದ ತೋಟದಲ್ಲಿ ಸೊಪ್ಪು ಬೆಳೆಯುತ್ತಿದ್ದವನು ಮೈಸೂರು ಮಹಾರಾಜರ ಪ್ರಜೆ. ಸೊಪ್ಪಿನ ಬುಟ್ಟಿ ಹೊತ್ತು ದಂಡಿನ ಪ್ರದೇಶಕ್ಕೆ ಹೋದರೆ ಅವನು ಬೇರೆಯದೇ ಆಡಳಿತಕ್ಕೆ ಕಾಲಿಟ್ಟ ಹಾಗೆ. 1881ರಿಂದ 1947ರವರೆಗೆ ಕಂಟೋನ್ಮೆಂಟ್ ನೇರವಾಗಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಬೀದರಿನವರು ನಿಜಾಮರ ಪ್ರಜೆಗಳು, ಧಾರವಾಡದವರು ಮುಂಬೈ ಪ್ರಾಂತ್ಯಕ್ಕೆ ಸೇರಿದವರು, ಮಂಗಳೂರಿನವರು ಮದ್ರಾಸಿಗೆ.

1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರ್ ಭಾರತದ ಸಂವಿಧಾನವನ್ನು ಒಪ್ಪಿ ಘೋಷಣೆ ಹೊರಡಿಸಿದರು. ಮರುದಿನವೇ ಸಂವಿಧಾನ ಅಂಗೀಕಾರವಾಯಿತು. ಅದರ ಬಹುಭಾಗ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆದರೆ ಪೌರತ್ವದ ವಿಧಿಗಳು ಅಷ್ಟು ದಿನ ಕಾಯಲಿಲ್ಲ, ನವೆಂಬರ್ 26ರಂದೇ ಜೀವ ಪಡೆದವು. ಇಲ್ಲಿ ನೆಲೆಸಿದ್ದು, ಇಲ್ಲೇ ಹುಟ್ಟಿದವರು, ಅಥವಾ ಹೆತ್ತವರಲ್ಲಿ ಒಬ್ಬರಾದರೂ ಇಲ್ಲಿ ಹುಟ್ಟಿದ್ದವರು, ಅಥವಾ ಹಿಂದಿನ 5 ವರ್ಷ ಇಲ್ಲೇ ವಾಸವಿದ್ದವರು ಭಾರತೀಯರು. ಯಾರೂ ಅರ್ಜಿ ಹಾಕಲಿಲ್ಲ, ಯಾರಿಗೂ ಪತ್ರ ಬರಲಿಲ್ಲ. ರಾತ್ರಿ ಮಹಾರಾಜರ ಪ್ರಜೆಯಾಗಿ ಮಲಗಿದವರು ಬೆಳಿಗ್ಗೆ ಭಾರತದ ಪೌರರಾಗಿ ಎದ್ದರು.

ಇಲ್ಲಿ ಇನ್ನೊಂದು ಮಾತು. ಭಾರತದಲ್ಲಿ ರಾಜ್ಯದ ಪೌರತ್ವ ಎಂಬುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿನ ಕನ್ನಡದ ಮನೆಗಳು ಜಗಲಿಯಿಂದ ಕದಲದೆ ರಾಜ್ಯ ಬದಲಿಸಿದವು. ಭಾಷೆ, ಶಾಲೆ, ಕಚೇರಿಯ ಕಷ್ಟ ಅವರನ್ನು ಇಂದಿಗೂ ಕಾಡುತ್ತಿದೆ, ಪೌರತ್ವಕ್ಕೆ ಮಾತ್ರ ಏನೂ ಆಗಲಿಲ್ಲ.

ಎರಡು ತಾರೀಕು, ಮೂರು ಕಾನೂನು

1955ರ ಪೌರತ್ವ ಕಾಯ್ದೆಯನ್ನು ಓದಿದವರು ಕಡಿಮೆ. ಆದರೆ ಅದರ ಎರಡು ತಾರೀಕುಗಳನ್ನು ಪ್ರತಿ ಮನೆಯೂ ತಿಳಿದಿರಬೇಕು. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಈ ನೆಲದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಯಾವ ದೇಶದವರೇ ಇರಲಿ, ಭಾರತೀಯರು. ವಿದೇಶಿ ರಾಯಭಾರಿಗಳ ಮಕ್ಕಳಂಥ ಒಂದೆರಡು ವಿನಾಯಿತಿ ಬಿಟ್ಟರೆ ಬೇರೆ ಷರತ್ತಿಲ್ಲ. 1987ರ ಜುಲೈ 1ರಿಂದ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಅಂದರೆ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಣ್ಣನಿಗೆ ಹುಟ್ಟಿದ ಜಾಗ ತೋರಿಸಿದರೆ ಸಾಕು. 1988ರಲ್ಲಿ ಹುಟ್ಟಿದ ತಂಗಿ ಅಪ್ಪನದೋ ಅಮ್ಮನದೋ ಪೌರತ್ವವನ್ನೂ ತೋರಿಸಬೇಕು. ನೆಲದ ಹಕ್ಕು ಹೋಗಿ ರಕ್ತದ ಹಕ್ಕು ಬಂದದ್ದು ಹೀಗೆ. ಇದಕ್ಕೆ ಹಿನ್ನೆಲೆ ವಿದೇಶಿ ವಲಸಿಗರ ವಿರುದ್ಧದ ಅಸ್ಸಾಂ ಚಳವಳಿ ಮತ್ತು 1985ರ ಅಸ್ಸಾಂ ಒಪ್ಪಂದ. ಬ್ರಹ್ಮಪುತ್ರದ ದಡದ ಗಲಾಟೆಗೆ ಬರೆದ ತಿದ್ದುಪಡಿ ಕಾವೇರಿ ದಡದ ಕೂಸಿಗೂ ಅನ್ವಯವಾಯಿತು.

2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್, ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವವಿಲ್ಲ ಎಂದು ಆದೇಶ ಹೊರಡಿಸಿದಾಗ ಜಯನಗರದ ಎಷ್ಟೋ ಮನೆಗಳಲ್ಲಿ ಕಳವಳವಾಯಿತು. ಎಚ್1ಬಿ ವೀಸಾದ ಮಗ, ಬಸುರಿ ಸೊಸೆ, ಮುಂದೇನು? ಆದೇಶ ಕೋರ್ಟಿನ ಮೆಟ್ಟಿಲೇರಿತು. ಅನ್ಯಾಯ ಎಂದು ಕೂಗಾಡಿದವರಿಗೆ ನಾನು ಹೇಳುವುದಿಷ್ಟೆ: ಆ ಹಕ್ಕನ್ನು ಭಾರತ 1987ರಲ್ಲೇ ಕೈಬಿಟ್ಟಿದೆ, ಆಗ ನಮ್ಮಲ್ಲಿ ಯಾರ ನಿದ್ದೆಯೂ ಕೆಡಲಿಲ್ಲ.

ಎಲ್ಲರೂ ಹುಟ್ಟಿದ್ದು ಜೂನ್ 1ರಂದು

ಸರಿ, ಹುಟ್ಟಿದ ದಿನ, ಹುಟ್ಟಿದ ಊರು ತೋರಿಸಿ ಎಂದರೆ ಏನು ತೋರಿಸುವುದು? ಅರವತ್ತು ದಾಟಿದ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ದಾಖಲೆ ನೋಡಿ. ಅವರಲ್ಲಿ ಕೆಲವರದಾದರೂ ಜನ್ಮದಿನ ಜೂನ್ 1 ಆಗಿರುತ್ತದೆ. ಶಾಲೆ ತೆರೆಯುವ ಹೊತ್ತಿಗೆ ಅಪ್ಪ ಮಗುವಿನ ಕೈ ಹಿಡಿದು ಬರುತ್ತಿದ್ದ. ಮೇಷ್ಟರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ತಾಕಿಸಿ ನೋಡುತ್ತಿದ್ದರು. ತಾಕಿದರೆ ವಯಸ್ಸಾಗಿದೆ. ದಾಖಲಾತಿ ಪುಸ್ತಕದಲ್ಲಿ ಅಗತ್ಯವಿದ್ದಷ್ಟು ವರ್ಷ ಹಿಂದಕ್ಕೆ ಎಣಿಸಿ ಜೂನ್ ಒಂದು ಎಂದು ಬರೆದರೆ ಮುಗಿಯಿತು. ಆ ಮಸಿಯೇ ಮುಂದೆ ಟಿ.ಸಿ., ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕೆಲಸ, ನಿವೃತ್ತಿ ಎಲ್ಲಕ್ಕೂ ಆಧಾರ.

ಅಜ್ಜಿಯ ಲೆಕ್ಕ ಬೇರೆಯೇ ಇರುತ್ತಿತ್ತು. ‘ಗಾಂಧಿ ತೀರಿಕೊಂಡ ವರ್ಷ, ಕಡಲೆಕಾಯಿ ಪರಿಷೆಗೆ ಎಂಟು ದಿನ ಮುಂಚೆ.’ ಇದು ಎಷ್ಟು ಖಚಿತವೆಂದರೆ ಪಂಚಾಂಗ ಹಿಡಿದು ಕೂತರೆ ತಾರೀಕೇ ಸಿಗುತ್ತದೆ. ಜೂನ್ 1 ಸುಳ್ಳು, ಆದರೆ ಕಾಗದದ ಮೇಲಿದೆ. ಅಜ್ಜಿಯ ಮಾತು ನಿಜ, ಆದರೆ ಸಾಕ್ಷ್ಯವಲ್ಲ.

ಜನನ, ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಹಳ್ಳಿಗಳಲ್ಲಿ ಅದು ರೂಢಿಯಾಗಲು ದಶಕಗಳೇ ಬೇಕಾದವು. ಈಗ ಅದೇ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಹುಟ್ಟಿದ ದಿನ ಮತ್ತು ಊರಿನ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ. ಹೊಸ ಕೂಸುಗಳಿಗೆ ತೊಂದರೆಯಿಲ್ಲ, ತೊಡಕಿರುವುದು ಹಿಂದಿನವರಿಗೆ.

ಆಧಾರ್ ಇದೆಯಲ್ಲ ಎನ್ನುತ್ತೀರಾ? ಆಧಾರ್ ವಾಸಕ್ಕೆ ಸಂಬಂಧಿಸಿದ್ದು. ವರ್ಷದಲ್ಲಿ 182 ದಿನ ಇಲ್ಲಿ ಇದ್ದ ವಿದೇಶಿಯರಿಗೂ ಸಿಗುತ್ತದೆ, ಅದು ಪೌರತ್ವದ ಪುರಾವೆಯಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ ಈ ಗೊಂದಲ ಬಯಲಿಗೆ ಬಂತು. 2003ರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಹುಟ್ಟಿದ ವರ್ಷ ನೋಡಿ ತಮ್ಮದು, ಹೆತ್ತವರದು ದಾಖಲೆ ಕೇಳಲಾಯಿತು. ಪಟ್ಟಿ ಮತದಾರರದ್ದು, ತಾರೀಕುಗಳು ಮಾತ್ರ ಪೌರತ್ವ ಕಾಯ್ದೆಯವು. ಆಧಾರನ್ನೂ ಗುರುತಿನ ದಾಖಲೆಯಾಗಿ ಸ್ವೀಕರಿಸಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ.

ಮೂರು ತಲೆಮಾರು

ತರ್ಪಣ ಬಿಡುವಾಗ ಪಿತೃ, ಪಿತಾಮಹ, ಪ್ರಪಿತಾಮಹ ಎಂದು ಮೂರು ಹೆಸರು ಹೇಳಬೇಕು. ಅಪ್ಪ, ತಾತ, ಮುತ್ತಾತ. ಸಾಮಾನ್ಯ ಕುಟುಂಬದ ನೆನಪು ನಿಲ್ಲುವುದೂ ಅಲ್ಲಿಗೇ. ವಿಚಿತ್ರವೆಂದರೆ ಕಾನೂನುಗಳೂ ಅಲ್ಲೇ ನಿಲ್ಲುತ್ತವೆ.

ಭಾರತದ ಸಂವಿಧಾನ ಎರಡು ದೇಶದ ಪೌರತ್ವ ಒಪ್ಪುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣ ನಮ್ಮದು ಹೋಯಿತು. 2022ರಲ್ಲಿ ಹೀಗೆ ಪೌರತ್ವ ಬಿಟ್ಟುಕೊಟ್ಟವರು 2,25,620 ಮಂದಿ. ಹಾಗೆ ಹೋದವರಿಗೂ ಅವರ ಮಕ್ಕಳಿಗೂ 2005ರಿಂದ ಒಸಿಐ ಕಾರ್ಡ್ ಸಿಗುತ್ತಿದೆ. ವೀಸಾ ಇಲ್ಲದೆ ಬರಬಹುದು, ದುಡಿಯಬಹುದು, ಫ್ಲ್ಯಾಟ್ ಕೊಳ್ಳಬಹುದು. ಮತ ಹಾಕುವಂತಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ. ಇದಕ್ಕೆ ಮುತ್ತಾತನವರೆಗೆ ಮೂಲ ತೋರಿಸಬಹುದು. ಹಾಗೆಯೇ ಮುತ್ತಾತ ಪಾಕಿಸ್ತಾನದ ಅಥವಾ ಬಾಂಗ್ಲಾದೇಶದ ಪೌರನಾಗಿದ್ದರೆ ಮರಿಮಗನಿಗೆ ಕಾರ್ಡ್ ಇಲ್ಲ.

ಮುತ್ತಾತನ ಲೆಕ್ಕ ಎಷ್ಟು ಕ್ರೂರವಾಗಬಹುದೆಂದು ನೋಡಲು ಸಿಲೋನಿಗೆ (ಇಂದಿನ ಶ್ರೀಲಂಕಾ) ಹೋಗಬೇಕು. 1948ರ ಅಲ್ಲಿನ ಪೌರತ್ವ ಕಾಯ್ದೆ, ಅಲ್ಲೇ ಹುಟ್ಟಿದವನಿಗೂ ಅಪ್ಪ ಅಲ್ಲಿ ಹುಟ್ಟಿದ್ದಕ್ಕೆ ಪುರಾವೆ ಕೇಳಿತು. ಇಲ್ಲದಿದ್ದರೆ ಅಪ್ಪನ ಕಡೆಯ ತಾತ, ಮುತ್ತಾತ ಇಬ್ಬರದೂ ಬೇಕು. ಚಹಾ ತೋಟದ ಲೈನ್ ಮನೆಗಳಲ್ಲಿ ಹುಟ್ಟಿ, ಅಲ್ಲೇ ಸತ್ತವರ ಜನನ ಯಾರು ಬರೆದಿಟ್ಟಿದ್ದರು? ಲಕ್ಷಾಂತರ ತಮಿಳು ಕೂಲಿಗಳು ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಶಾಸ್ತ್ರಿ, ಸಿರಿಮಾವೊ ಮಾಡಿಕೊಂಡ ಒಪ್ಪಂದದಲ್ಲಿ ಭಾರತ 5,25,000 ಮಂದಿಯನ್ನು ಕರೆಸಿಕೊಳ್ಳಲು ಒಪ್ಪಿತು. ಅವರಲ್ಲಿ ಒಂದಷ್ಟು ಕುಟುಂಬಗಳು ಬಂದಿಳಿದದ್ದು ನಮ್ಮ ಸುಳ್ಯ, ಪುತ್ತೂರು ಸೀಮೆಯ ಸರ್ಕಾರಿ ರಬ್ಬರ್ ತೋಟಗಳಿಗೆ. ಇವತ್ತಿಗೂ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಬೆಳಕು ಹರಿಯುವ ಮುನ್ನ ಹಾಲು ಇಳಿಸುವವರು ಅವರ ಮಕ್ಕಳು, ಮೊಮ್ಮಕ್ಕಳು. ಭಾರತದ ಪೌರತ್ವ ಸಿಕ್ಕಿತು. ಆದರೆ ಜಾತಿ ಪ್ರಮಾಣಪತ್ರ ಕೇಳಲು ಹೋದಾಗ ಮತ್ತದೇ ಪ್ರಶ್ನೆ: ಮೂಲ ಯಾವುದು? ತಾತ ದಾಟಿ ಬಂದ ಸಮುದ್ರವೇ ದಾಖಲೆಯನ್ನೂ ನುಂಗಿತ್ತು. ವರ್ಷಗಟ್ಟಲೆ ಅಲೆದಾಡಿದರು.

ಹೆಳವರ ಕಡತ

ನಮ್ಮಲ್ಲಿ ಮೂಲವನ್ನು ಬರೆದಿಡುವವರೇ ಇರಲಿಲ್ಲವೇ? ಇದ್ದರು, ಇದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಹಿಂದೆ ಸಿಂಗರಿಸಿದ ಎತ್ತಿನ ಮೇಲೆ ಕೂತು, ಕೈಯಲ್ಲಿ ಗಂಟೆ ಹಿಡಿದು ಬರುತ್ತಿದ್ದರು. ಈಗ ಎತ್ತಿನ ಜಾಗಕ್ಕೆ ಎಷ್ಟೋ ಕಡೆ ಬೈಕು ಬಂದಿದೆ. ಮನೆಯ ಮುಂದೆ ನಿಂತು ಆ ಮನೆತನದ ವಂಶಾವಳಿಯನ್ನು ಓದುತ್ತಾರೆ. ಅಜ್ಜ, ಮುತ್ತಜ್ಜ, ಅವನ ಅಣ್ಣತಮ್ಮಂದಿರು, ಯಾರು ಯಾವ ಊರಿಗೆ ಒಡೆದು ಹೋದರು, ಬೆಡಗು ಯಾವುದು, ಮನೆದೇವರು ಯಾರು, ಮೊದಲು ಬಿಟ್ಟು ಬಂದ ಊರು ಎಲ್ಲಿ, ಬರಕ್ಕೆ ಬಿಟ್ಟದ್ದೋ ದಾಯಾದಿ ಜಗಳಕ್ಕೋ, ಎಲ್ಲವೂ ಅಲ್ಲಿದೆ. ಮೂರು ತಲೆಮಾರು ಅವರಿಗೆ ಲೆಕ್ಕಕ್ಕೇ ಇಲ್ಲ. ಓದಿ ಮುಗಿದ ಮೇಲೆ ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು, ಬಟ್ಟೆ, ದುಡ್ಡು ಪಡೆದು ಮುಂದಿನ ಮನೆಗೆ.

ಬರ ಎಂದೆ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರದ ಬರಗಾಲ ಮೈಸೂರು ಸೀಮೆಯನ್ನು ಹೇಗೆ ಬಡಿಯಿತೆಂದರೆ, 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಉಳಿದವರು ಕಾಲು ಎಳೆದ ಕಡೆ ನಡೆದರು. ನಮ್ಮ ಅನೇಕ ಮನೆತನಗಳ ನೆನಪು ಅಲ್ಲಿಂದಾಚೆ ಕತ್ತಲೆಯಾಗಿರುವುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ.

ಹೆಳವರ ಕಡತದಲ್ಲೂ ಒಂದು ದೊಡ್ಡ ಕೊರತೆಯಿದೆ: ಅದು ಗಂಡಸರ ಸಾಲು. ಕೊಟ್ಟ ಹೆಣ್ಣುಮಕ್ಕಳು ಹೆಚ್ಚಾಗಿ ಅಲ್ಲಿಂದ ಜಾರಿಹೋಗುತ್ತಾರೆ. ತರ್ಪಣದಲ್ಲೂ ಮೊದಲ ಮರ್ಯಾದೆ ಅಪ್ಪನ ಕಡೆಗೇ. ಈಗಿನ ಕಾನೂನು ಅಮ್ಮನ ಕಾಗದವನ್ನೂ ಕೇಳುತ್ತದೆ. ಶಾಲೆಗೆ ಹೋಗದ, ಹದಿನಾರಕ್ಕೆ ಮದುವೆಯಾಗಿ ಊರೂ ಹೆಸರೂ ಬದಲಿಸಿದ ತಾಯಿ ಏನು ತೋರಿಸಬೇಕು? ಅಸ್ಸಾಮಿನಲ್ಲಿ ಪೌರತ್ವ ನೋಂದಣಿ (ಎನ್ಆರ್‌ಸಿ) ನಡೆದಾಗ ತವರಿನೊಡನೆ ತಮ್ಮ ನಂಟು ರುಜುವಾತು ಮಾಡಲು ಗ್ರಾಮ ಪಂಚಾಯ್ತಿಯ ಚೀಟಿ ಹಿಡಿದು ಒದ್ದಾಡಿದವರು ಇಂಥ ಹೆಂಗಸರೇ. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19,06,657 ಜನ ಹೊರಗುಳಿದರು.

ನಮ್ಮೊಳಗಿನ ಶಿಬಿರಗಳು

ಪೌರತ್ವದ ಗಂಟುಗಳನ್ನು ನೋಡಲು ಅಸ್ಸಾಮಿಗೇ ಹೋಗಬೇಕಿಲ್ಲ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಪುನರ್ವಸತಿ ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳಿವೆ. ತುಂಗಭದ್ರಾ ನೀರಾವರಿಯ ನೆಲದಲ್ಲಿ ಭತ್ತ ಬೆಳೆದು, ಮೀನು ಸಾಕಿ, ಕನ್ನಡ ಕಲಿತು ಅರ್ಧ ಶತಮಾನ ಕಳೆದರೂ ಹಲವರ ಪೌರತ್ವ ತೂಗುಯ್ಯಾಲೆಯಲ್ಲಿತ್ತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಿದ್ದ ಮೇಲೆ ಇಲ್ಲಿನ ಕೆಲವರಿಗೆ ಪತ್ರ ಸಿಕ್ಕಿತು. ಅದೇ ಕಾಯ್ದೆ ಮುಸ್ಲಿಮರನ್ನು ಹೊರಗಿಟ್ಟಿದೆ. ಶ್ರೀಲಂಕಾದವರನ್ನೂ ಟಿಬೆಟನ್ನರನ್ನೂ ಹೆಸರಿಸಿಲ್ಲ.

ಟಿಬೆಟನ್ನರ ಪ್ರಕರಣ ಎಲ್ಲಕ್ಕಿಂತ ವಿಚಿತ್ರ. 1960ರ ಕೊನೆಯಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಅಲ್ಲಿ ಹುಟ್ಟಿದ ಮಕ್ಕಳು ಸಂತೆಯಲ್ಲಿ ನಮ್ಮಷ್ಟೇ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಆದರೂ ಅವರ ಕೈಯಲ್ಲಿರುವುದು ವಿದೇಶಿಯರ ನೋಂದಣಿ ಪುಸ್ತಿಕೆ. 1950 ಮತ್ತು 1987ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದವು. 2017ರಲ್ಲಿ ಪಾಸ್‌ಪೋರ್ಟ್ ಬಾಗಿಲು ತೆರೆಯಿತು, ಷರತ್ತಿನೊಂದಿಗೆ: ನೋಂದಣಿ ಪುಸ್ತಿಕೆ ಒಪ್ಪಿಸಬೇಕು, ಟಿಬೆಟನ್ ಶಿಬಿರದ ವಾಸ, ಸವಲತ್ತು ಬಿಡಬೇಕು. ಅರ್ಹರಿದ್ದೂ ಅನೇಕರು ಅರ್ಜಿ ಹಾಕಿಲ್ಲ. ಮನೆ ಬಿಡಬೇಕಲ್ಲ ಎಂಬ ಲೆಕ್ಕಾಚಾರವೂ ಇದೆ, ಪೌರತ್ವ ಪಡೆದರೆ ಟಿಬೆಟಿನ ಮಾತು ಎತ್ತುವವರು ಯಾರು ಎಂಬ ಹಟವೂ ಇದೆ. ಮೂಲವನ್ನು ಮರೆಯಬಾರದೆಂದೇ ನೆಲೆಯಿಲ್ಲದವರಾಗಿ ಉಳಿದ ಜನ ನಮ್ಮ ರಾಜ್ಯದಲ್ಲೇ ಇದ್ದಾರೆ.

ಯಾರು ಹೊರಗಿನವರು?

2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಗುಡಿಸಲುಗಳನ್ನು ‘ಬಾಂಗ್ಲಾದೇಶಿಗಳು’ ಎಂಬ ಗುಮಾನಿಯ ಮೇಲೆ ನೆಲಸಮ ಮಾಡಲಾಯಿತು. ತಗಡು, ಪಾತ್ರೆ, ಮಕ್ಕಳ ಪುಸ್ತಕಗಳ ಜೊತೆ ಬೀದಿಗೆ ಬಂದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರೂ ಇದ್ದರು. ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಬೆಂಗಳೂರು ಕನ್ನಡಿಗರನ್ನೇ ಗುರುತಿಸದೆ ಹೋದ ದಿನವದು.

ಅಕ್ರಮವಾಗಿ ಗಡಿ ದಾಟಿದವರನ್ನು ಪತ್ತೆ ಹಚ್ಚುವ ಹಕ್ಕು ಪ್ರತಿ ದೇಶಕ್ಕೂ ಇದೆ, ಅದರಲ್ಲಿ ತಕರಾರಿಲ್ಲ. ಆದರೆ ಸರ್ಕಾರವೇ ಬರೆದಿಡದ ಕಾಲದ ಕಾಗದವನ್ನು ಬಡವರ ಮೊಮ್ಮಕ್ಕಳಿಂದ ಕೇಳುವುದು ನ್ಯಾಯವಲ್ಲ. ಇಲ್ಲಿ ಅನುಮಾನದ ಲಾಭ ಪ್ರಜೆಗೇ ಸಿಗಬೇಕು. ಈ ಮಾತು ಹೇಳಲು ಸಿದ್ದಾಪುರದಂಥ ಊರಿಗೆ ಹೆಚ್ಚಿನ ಹಕ್ಕಿದೆ. ಇಲ್ಲಿ ಮೂರು ತಲೆಮಾರು ಹಿಂದಕ್ಕೆ ಹೋದರೆ ಹೊರಗಿನಿಂದ ಬರದ ಮನೆ ಸಿಗುವುದು ಕಷ್ಟ.

ಕಾನೂನು ಬದಲಾಗುವವರೆಗೆ ಮನೆಯ ಕೆಲಸ ಮನೆಯವರೇ ಮಾಡಿಕೊಳ್ಳಬೇಕು. ಈ ಸಲ ಮಹಾಲಯ ಅಮಾವಾಸ್ಯೆಗೆ ಎಡೆ ಇಡಲು ಎಲ್ಲರೂ ಸೇರಿದಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ ತೆರೆಯಿರಿ. ಎರಡೂ ಕಡೆಯ ತಾತ, ಅಜ್ಜಿಯರ ಪೂರ್ತಿ ಹೆಸರು, ಹುಟ್ಟಿದ ಊರು, ಅಜ್ಜಿಯರ ತವರು, ಓದಿದ ಶಾಲೆ, ಮನೆದೇವರು, ಇನಿಷಿಯಲ್ಲಿನ ಊರು, ಬಿಟ್ಟು ಬಂದ ಕಾರಣ ಬರೆದುಕೊಳ್ಳಿ. ಅಪ್ಪ ಅಮ್ಮ ಓದಿದ ಶಾಲೆ ಇನ್ನೂ ಇದ್ದರೆ ದಾಖಲಾತಿ ಪುಸ್ತಕದ ನಕಲು ಕೇಳಿ. ಜನನ ನೋಂದಣಿ ಆಗಿಲ್ಲದಿದ್ದರೆ ತಡವಾಗಿಯಾದರೂ ಮಾಡಿಸಬಹುದು. ವರ್ಷ ದಾಟಿದ್ದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಹೆರಿಗೆ ಆಗಿದ್ದನ್ನು ಕಂಡವರ ಮಾತು ನೆರವಾಗುತ್ತದೆ. ಅಂಥವರು ಬದುಕಿರುವಾಗಲೇ ಅದನ್ನು ಮುಗಿಸಿ. ಹಳೇ ಪಹಣಿ, ಟಿ.ಸಿ., ಮದುವೆಯ ಕರೆಯೋಲೆ, ರೇಷನ್ ಕಾರ್ಡ್ ಯಾವುದನ್ನೂ ಎಸೆಯಬೇಡಿ. ಅಟ್ಟದ ಮೇಲಿನ ಟ್ರಂಕನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಇಳಿಸಿ ನೋಡಿ.